‘ಮೈನಸ್ ಮೈನಸ್ ಪ್ಲಸ್’ ಎನ್ನುವ ಮುನ್ನ: 6–7ನೇ ತರಗತಿಯ ಗಣಿತ ಶಿಕ್ಷಕರಿಗೆ ಒಂದು ಬಹಿರಂಗ ಪತ್ರ

ಹಿರಿಯ ಪ್ರಾಥಮಿಕ ಶಾಲೆಗಳಲ್ಲಿ 6 ಮತ್ತು 7ನೇ ತರಗತಿಗೆ ಗಣಿತ ಹೇಳಿಕೊಡುತ್ತಿರುವ ಶಿಕ್ಷಕ ಬಂಧುಗಳಿಗೆ,



ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ. ನೀವು ಏಳನೇ ತರಗತಿ ದಾಟಿಸಿ ಕಳಿಸಿದ ಮಕ್ಕಳು ಜೂನ್ ತಿಂಗಳಲ್ಲಿ ನನ್ನೆದುರು ಬಂದು ಕೂರುತ್ತಾರೆ. ಮಗ್ಗಿ ಬಾಯಿಗೆ ಬರುತ್ತದೆ, ಭಿನ್ನರಾಶಿ ಒಂದಿಷ್ಟು ತಡವರಿಸಿಕೊಂಡಾದರೂ ಬರುತ್ತದೆ. ಅದರ ಹಿಂದೆ ನಿಮ್ಮ ಎಷ್ಟು ಶ್ರಮವಿದೆ ಎಂಬುದು ನನಗೆ ಗೊತ್ತು. ಇಂದು ನಿಮ್ಮನ್ನು ಕೇಳಿಕೊಳ್ಳುತ್ತಿರುವುದು ಒಂದೇ ಒಂದು ವಿಷಯ. ಋಣಸಂಖ್ಯೆಗಳ ಪಾಠದಲ್ಲಿ ‘ಮೈನಸ್ ಮೈನಸ್ ಪ್ಲಸ್’ ಎಂಬ ಮಾತನ್ನು ದಯವಿಟ್ಟು ಅಷ್ಟು ಬೇಗ ಮಕ್ಕಳ ಬಾಯಿಗೆ ಹಾಕಬೇಡಿ. ಅದಕ್ಕಿಂತ ಮೊದಲು ಆಗಬೇಕಾದ ಕೆಲಸ ಬಹಳವಿದೆ. ಆ ಕೆಲಸವನ್ನು ನಿಮ್ಮಷ್ಟು ಚೆನ್ನಾಗಿ ಮಾಡಬಲ್ಲವರು ಬೇರೆ ಯಾರೂ ಇಲ್ಲ. ನಮ್ಮಲ್ಲಿಗೆ ಬರುವ ಹೊತ್ತಿಗೆ ಹೊತ್ತು ಮೀರಿರುತ್ತದೆ.

ಸೇತುಬಂಧದ ದಿನಗಳಲ್ಲಿ ನಾನು ಬೋರ್ಡಿನ ಮೇಲೆ ಬರೆಯುವ ಲೆಕ್ಕಗಳಲ್ಲಿ −7 − 3 ಎಂಬುದು ಪ್ರತಿವರ್ಷವೂ ಇರುತ್ತದೆ. ಉತ್ತರ 10 ಎಂದು ಬರೆಯುವ ಮಕ್ಕಳು ಪ್ರತಿವರ್ಷವೂ ಇರುತ್ತಾರೆ, ಅವರಲ್ಲಿ ಜಾಣರೂ ಇರುತ್ತಾರೆ. ಹಾಗೆ ಬರೆದ ಒಬ್ಬ ಹುಡುಗನನ್ನು ಹತ್ತಿರ ಕರೆದು ಕೇಳಿದೆ, ‘ಹೇಗಪ್ಪಾ ಬಂತು ಇದು?’

‘ಮೈನಸ್ ಮೈನಸ್ ಪ್ಲಸ್ ಅಲ್ವಾ ಮಿಸ್?’

‘ಅಂಗಡೀಲಿ ಏಳು ರೂಪಾಯಿ ಬಾಕಿ ಇದೆ ನಿಂದು. ಇವತ್ತು ಮೂರು ರೂಪಾಯಿ ಪೆನ್ಸಿಲ್ಲೂ ಸಾಲಕ್ಕೇ ತಂದೆ. ಈಗ?’

‘ಹತ್ತು ರೂಪಾಯಿ ಬಾಕಿ.’ ಒಂದು ಕ್ಷಣವೂ ತಡಮಾಡಲಿಲ್ಲ.

‘ಹಾಗಾದ್ರೆ ಇಲ್ಲಿ?’ ಎಂದು ಬೋರ್ಡು ತೋರಿಸಿದೆ. ಅವನು ಒಮ್ಮೆ ಅದನ್ನೂ ಒಮ್ಮೆ ನನ್ನನ್ನೂ ನೋಡಿ, ‘ಅದು ಬೇರೆ ಮಿಸ್, ಇದು ಲೆಕ್ಕ’ ಎಂದ.

ಬಂಧುಗಳೇ, ಆ ಹುಡುಗನಿಗೆ ಋಣಸಂಖ್ಯೆ ಗೊತ್ತಿತ್ತು. ಅಂಗಡಿಯ ಬಾಕಿಯಲ್ಲಿ, ಆಟದ ಅಂಕಗಳಲ್ಲಿ ಅವನು ದಿನವೂ ಅದನ್ನು ಬಳಸುತ್ತಿದ್ದ. ಗುಣಾಕಾರಕ್ಕೆಂದು ಹೇಳಿದ ಒಂದು ಸೂತ್ರ, ಕೂಡುವ ಕಳೆಯುವ ಕಡೆಯೆಲ್ಲ ನುಗ್ಗಿ ಅವನ ತಿಳಿವಳಿಕೆಯನ್ನು ಪಕ್ಕಕ್ಕೆ ತಳ್ಳಿತ್ತು. ಸೂತ್ರ ಸುಳ್ಳಲ್ಲ. ಎರಡು ಋಣಸಂಖ್ಯೆಗಳನ್ನು ಗುಣಿಸಿದರೆ ಧನಸಂಖ್ಯೆಯೇ ಬರುತ್ತದೆ. ಆದರೆ ಮಕ್ಕಳ ಕಿವಿಗೆ ಬೀಳುವುದು ಮೂರು ಪದ ಮಾತ್ರ. ಅದರೊಳಗೆ ‘ಗುಣಿಸಿದಾಗ’ ಎಂಬ ಮಾತೇ ಇಲ್ಲ. ಎಲ್ಲಿ ಎರಡು ಅಡ್ಡಗೆರೆ ಕಂಡವೋ ಅಲ್ಲಿ ಕೂಡಿಸಿಬಿಡುತ್ತಾರೆ.

ಇದು ಎಂಟನೇ ತರಗತಿಗೇ ಮುಗಿಯುವುದಿಲ್ಲ. ಎಸ್‌ಎಸ್‌ಎಲ್‌ಸಿಯ ಸಮಾಂತರ ಶ್ರೇಢಿಯಲ್ಲಿ −5, −8, −11 ಕೊಟ್ಟರೆ ಸಾಮಾನ್ಯ ವ್ಯತ್ಯಾಸ −8 − (−5), ಅಂದರೆ −3. ಮಗು −13 ಎಂದು ಬರೆದು ಮುಂದಿನ ಪದಗಳನ್ನೆಲ್ಲ ತಪ್ಪು ಮಾಡುತ್ತದೆ. 2x² − 3x − 5 = 0 ಎಂಬ ವರ್ಗ ಸಮೀಕರಣದಲ್ಲಿ ಶೋಧಕ 9 + 40, ಅಂದರೆ 49. ಮಗು 9 − 40 ಮಾಡಿ −31 ಎಂದು ಬರೆದು, ‘ವಾಸ್ತವ ಮೂಲಗಳು ಇಲ್ಲ’ ಎಂದು ಅಂದವಾಗಿ ಷರಾ ಹಾಕುತ್ತದೆ. ವರ್ಗ ಸಮೀಕರಣದ ಸೂತ್ರ ಅದಕ್ಕೆ ಬಾಯಿಪಾಠ ಬರುತ್ತದೆ, ಪದ ಗುರುತಿಸುವುದೂ ಬರುತ್ತದೆ. ಮೂರು ವರ್ಷದ ಹಿಂದೆ ಕೂರಬೇಕಾಗಿದ್ದ ಒಂದು ಅಡ್ಡಗೆರೆ ಕೂತಿಲ್ಲ, ಅಷ್ಟೇ. ‘ನಂಗೆ ಗಣಿತ ಬರಲ್ಲ’ ಎಂದು ಹೇಳುವ ಎಷ್ಟೋ ಹೆಣ್ಣುಮಕ್ಕಳಿಗೆ ಬಾರದೇ ಇದ್ದದ್ದು ಇದೊಂದೇ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಆ ಅಡ್ಡಗೆರೆಗೆ ಮೂರು ಕೆಲಸವಿದೆ ಎಂಬುದನ್ನು ನಾವು ಮಕ್ಕಳಿಗೆ ಬಿಡಿಸಿ ಹೇಳುವುದಿಲ್ಲ. 8 − 3 ಎಂಬಲ್ಲಿ ಅದು ಕಳೆಯಲು ಹೇಳುತ್ತದೆ. −3 ಎಂಬಲ್ಲಿ ಅದು ಸಂಖ್ಯೆಯ ಹೆಸರಿನ ಭಾಗ. −x ಎಂಬಲ್ಲಿ ‘x ಯಾವ ಕಡೆಗಿದೆಯೋ ಅದರ ಎದುರು ಕಡೆ’ ಎಂದು ಅರ್ಥ. x ತಾನೇ ಋಣವಾಗಿದ್ದರೆ −x ಧನವಾಗುತ್ತದೆ. ಐದನೇ ತರಗತಿಯವರೆಗೆ ಒಂದೇ ಕೆಲಸ ಮಾಡುತ್ತಿದ್ದ ಗೆರೆ ಇದ್ದಕ್ಕಿದ್ದಂತೆ ಮೂರು ಕೆಲಸ ಮಾಡತೊಡಗಿದರೆ, ಯಾರೂ ಹೇಳದೆ ಮಗುವಿಗೆ ತಿಳಿಯುವುದಾದರೂ ಹೇಗೆ? ಆದ್ದರಿಂದ ಆರನೇ ತರಗತಿಯ ಮೊದಲ ಕೆಲವು ವಾರ ಋಣಸಂಖ್ಯೆಯ ಗೆರೆಯನ್ನು ಸ್ವಲ್ಪ ಚಿಕ್ಕದಾಗಿ, ಸಂಖ್ಯೆಯ ಹೆಗಲಿಗೆ ಅಂಟಿಸಿ ಬರೆಯಿರಿ. 5 − (−3) ಎಂಬುದನ್ನು ‘ಐದು ಮೈನಸ್ ಮೈನಸ್ ಮೂರು’ ಎಂದು ಓದಿಸದೆ ‘ಐದರಿಂದ ಋಣ ಮೂರನ್ನು ಕಳೆ’ ಎಂದು ಓದಿಸಿ. ಎರಡು ಗೆರೆಗಳಿಗೆ ಎರಡು ಕೆಲಸ ಎಂಬುದು ಆಗ ಬಾಯಿಂದಲೇ ಹೊರಡುತ್ತದೆ.

ಇನ್ನು, ಆ ವಯಸ್ಸಿನ ಮಕ್ಕಳು ಕೇಳುವ ಒಂದು ಪ್ರಶ್ನೆ ಇದೆ: ‘ಏನೂ ಇಲ್ಲದ್ದಕ್ಕಿಂತ ಕಡಿಮೆ ಹೇಗಿರುತ್ತೆ ಸರ್?’ ಈ ಪ್ರಶ್ನೆ ಬಂದರೆ ಮಗುವಿನ ಬೆನ್ನು ತಟ್ಟಿ. ಎರಡನೇ ತರಗತಿಯಲ್ಲಿ ನಾವೇ ಅಲ್ಲವೇ ‘ಚಿಕ್ಕದರಿಂದ ದೊಡ್ಡದನ್ನು ಕಳೆಯೋಕಾಗಲ್ಲ’ ಎಂದು ಹೇಳಿಕೊಟ್ಟವರು? ಅದನ್ನು ನಂಬಿದ ಮಗುವಿಗೆ ಆರನೇ ತರಗತಿಯಲ್ಲಿ 3 − 5 ಬರೆದು ತೋರಿಸಿ ಉತ್ತರ ಕೇಳುತ್ತೇವೆ. ಹಿಂದಿನ ಮಾತು ಏನಾಯಿತು ಎಂದು ಯಾರೂ ವಿವರಿಸುವುದಿಲ್ಲ. ಕೆಳಗಿನ ತರಗತಿಗಳ ಶಿಕ್ಷಕರಲ್ಲೂ ನನ್ನ ವಿನಂತಿ ಇದು: ‘ಆಗಲ್ಲ’ ಎನ್ನಬೇಡಿ. ‘ಈಗ ನಮಗೆ ಗೊತ್ತಿರೋ ಸಂಖ್ಯೆಗಳಲ್ಲಿ ಉತ್ತರ ಸಿಗಲ್ಲ, ಮುಂದೆ ಸಿಗುತ್ತೆ’ ಎನ್ನಿ. ಮಕ್ಕಳು ಕಾಯುತ್ತಾರೆ.

ದೊಡ್ಡ ದೊಡ್ಡವರೂ ಈ ಪ್ರಶ್ನೆಯ ಮುಂದೆ ನಿಂತಿದ್ದಾರೆ. ಬ್ರಹ್ಮಗುಪ್ತ 628ರಲ್ಲೇ ಧನ, ಋಣ, ಶೂನ್ಯಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಬರೆದಿಟ್ಟ. ಒಂಬತ್ತನೇ ಶತಮಾನದಲ್ಲಿ, ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ, ಋಣಸಂಖ್ಯೆ ಯಾವುದರ ವರ್ಗವೂ ಆಗಿರದ ಕಾರಣ ಅದಕ್ಕೆ ವರ್ಗಮೂಲವಿಲ್ಲ ಎಂಬಷ್ಟರ ಮಟ್ಟಿಗೆ ಯೋಚಿಸಿದ್ದ. ಹನ್ನೆರಡನೇ ಶತಮಾನದ ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ಒಂದು ಕೋತಿ ಹಿಂಡಿನ ಲೆಕ್ಕವಿದೆ. ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು, ಅದರ ವರ್ಗದಷ್ಟು ಕೋತಿಗಳು ಗುಹೆಗೆ ಹೋದವು, ಒಂದು ಮಾತ್ರ ಕೊಂಬೆಯ ಮೇಲೆ ಕಂಡಿತು, ಒಟ್ಟು ಎಷ್ಟು? ಲೆಕ್ಕ ಬಿಡಿಸಿದರೆ 50 ಮತ್ತು 5 ಎಂಬ ಎರಡು ಉತ್ತರ ಬರುತ್ತವೆ. ಐದರ ಐದನೇ ಒಂದು ಭಾಗ ಒಂದು, ಅದರಲ್ಲಿ ಮೂರು ಕಳೆದರೆ −2. ಕೋತಿಗಳ ಎಣಿಕೆಯಲ್ಲಿ ಋಣ ಎಂದರೆ ಜನ ಒಪ್ಪುವುದಿಲ್ಲವೆಂದು ಭಾಸ್ಕರ ಆ ಎರಡನೇ ಉತ್ತರವನ್ನು ಬಿಟ್ಟುಬಿಟ್ಟ. ಇಂಗ್ಲೆಂಡಿನಲ್ಲಿ ವಿಲಿಯಂ ಫ್ರೆಂಡ್ ಎಂಬ ವಿದ್ವಾಂಸ 1796ರಷ್ಟು ಈಚೆಗೆ, ಋಣಸಂಖ್ಯೆಗಳನ್ನು ಒಪ್ಪದೆಯೇ ಒಂದು ಬೀಜಗಣಿತದ ಪುಸ್ತಕ ಬರೆದ. ಬ್ರಹ್ಮಗುಪ್ತನಿಂದ ಅಲ್ಲಿಗೆ ಸಾವಿರ ವರ್ಷಕ್ಕೂ ಮೇಲಾಗಿತ್ತು. ಅಂಥವರೇ ಅಷ್ಟು ಕಾಲ ತಡವರಿಸಿದ್ದನ್ನು ನಾವು ಹನ್ನೊಂದು ವರ್ಷದ ಮಗುವಿಗೆ ಎರಡು ಪೀರಿಯಡ್ಡಿನಲ್ಲಿ ಒಪ್ಪಿಸಲು ಹೊರಡುತ್ತೇವೆ.

ಹಾಗಾದರೆ ಏನು ಮಾಡಬಹುದು? ನನ್ನ ತರಗತಿಯಲ್ಲಿ ಫಲ ಕೊಟ್ಟದ್ದನ್ನು ಹೇಳುತ್ತೇನೆ, ಖರ್ಚಿಲ್ಲದ್ದು. ಚೌಕಾಬಾರ ಆಡಲು ಹುಣಸೆ ಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡುತ್ತೇವಲ್ಲ, ಅಂಥವು ಮಗುವಿಗೆ ಇಪ್ಪತ್ತು ಇದ್ದರೆ ಸಾಕು. ಮಕ್ಕಳೇ ತೇಯ್ದು ತರುತ್ತಾರೆ. ಬಿಳಿ ಮಗ್ಗುಲು ಮೇಲಿದ್ದರೆ +1, ಕಪ್ಪು ಮಗ್ಗುಲು ಮೇಲಿದ್ದರೆ −1. ಒಂದು ಬಿಳಿ, ಒಂದು ಕಪ್ಪು ಜೊತೆಯಾದರೆ ಸೊನ್ನೆ. ಒಪ್ಪಂದ ಇಷ್ಟೇ.

ಈಗ −7 − 3 ನೋಡಿ. ಏಳು ಕಪ್ಪು ಇಡಿ. ಮೂರು ಬಿಳಿ ತೆಗೆಯಬೇಕು, ಆದರೆ ಬಿಳಿಯೇ ಇಲ್ಲ. ಇಲ್ಲಿ ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ, ಕೆರೆದುಕೊಳ್ಳಲಿ, ನೀವು ಸುಮ್ಮನಿರಿ. ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ, ‘ಮಿಸ್, ಸೊನ್ನೆ ಎಷ್ಟು ಬೇಕಾದ್ರೂ ಹಾಕ್ಕೋಬಹುದಲ್ವಾ?’ ಮೂರು ಜೊತೆ ಹಾಕಿದರೆ ಬೆಲೆ ಬದಲಾಗುವುದಿಲ್ಲ, ತೆಗೆಯಲು ಮೂರು ಬಿಳಿ ಸಿಗುತ್ತವೆ. ತೆಗೆದರೆ ಉಳಿದದ್ದು ಹತ್ತು ಕಪ್ಪು. ಕೈ ಮಾಡಿದ ಕೆಲಸವನ್ನು ಕಣ್ಣು ನೋಡಿರುತ್ತದೆ, ಆಮೇಲೆ 10 ಎಂದು ಬರೆಯಲು ಮಗುವಿಗೇ ಮನಸ್ಸು ಬರುವುದಿಲ್ಲ. 3 − (−2) ಕೂಡ ಹೀಗೆಯೇ. ಮೂರು ಬಿಳಿ ಇದೆ, ಎರಡು ಕಪ್ಪು ತೆಗೆಯಬೇಕು. ಎರಡು ಜೊತೆ ಹಾಕಿ, ಕಪ್ಪು ಎರಡನ್ನು ತೆಗೆದರೆ ಐದು ಬಿಳಿ. ಋಣವನ್ನು ಕಳೆದರೆ ಏಕೆ ಹೆಚ್ಚಾಗುತ್ತದೆ ಎಂದು ನಾವು ಭಾಷಣ ಮಾಡಬೇಕಾಗಿಲ್ಲ. ಇದನ್ನು ಆತುರವಿಲ್ಲದೆ ಹತ್ತಾರು ಲೆಕ್ಕ ಮಾಡಿಸಿ. ಒಂದು ದಿನ ಮಕ್ಕಳೇ ಬೀಜ ಮುಟ್ಟದೆ ಉತ್ತರ ಹೇಳತೊಡಗುತ್ತಾರೆ. ಆಗ ಬೀಜ ಡಬ್ಬಿಗೆ ಹಾಕಿ, ಬಿಸಾಡಬೇಡಿ. ಗುಣಾಕಾರಕ್ಕೆ ಮತ್ತೆ ಬೇಕಾಗುತ್ತವೆ.

ಸಾಲದ ಉದಾಹರಣೆಯ ಬಗ್ಗೆ ಎರಡು ಮಾತು. ಕೂಡುವುದಕ್ಕೂ ಕಳೆಯುವುದಕ್ಕೂ ಸಾಲ ಬಹಳ ಚೆನ್ನಾಗಿ ಹೊಂದುತ್ತದೆ. ಸಾಲ ಮನ್ನಾ ಆದರೆ ರೈತ ಅಷ್ಟರ ಮಟ್ಟಿಗೆ ಮೇಲೆ ಬಂದಂತೆ ಎಂಬುದು ಹಳ್ಳಿಯ ಪ್ರತಿ ಮಗುವಿಗೂ ಗೊತ್ತು, ಋಣವನ್ನು ಕಳೆಯುವುದೆಂದರೆ ಅದೇ. ಆದರೆ ನಿಜವಾದ ಮನೆಗಳ ನಿಜವಾದ ಸಾಲವನ್ನು ಬೋರ್ಡಿಗೆ ತರಬೇಡಿ. ಸಂಘದ ಕಂತಿಗೆ ದುಡ್ಡು ಹೊಂದಿಸಲಾಗದೆ ಅಮ್ಮ ಮುಖ ಮರೆಸಿಕೊಂಡು ಓಡಾಡುವುದನ್ನು ನೋಡಿರುವ ಮಗು ನಿಮ್ಮ ಮುಂದೆ ಕೂತಿರಬಹುದು. ‘ನಿಮ್ಮಪ್ಪ ಹತ್ತು ಸಾವಿರ ಸಾಲ ಮಾಡಿದ್ದಾನೆ ಅಂದ್ಕೋ’ ಎಂದು ಶುರುಮಾಡಿದ ಪಾಠದಲ್ಲಿ ಒಂದು ಹುಡುಗಿ ತಲೆ ತಗ್ಗಿಸಿದ್ದು ಮತ್ತೆ ಎತ್ತದೇ ಇದ್ದುದನ್ನು ನಾನು ಒಂದು ಶಾಲೆಯಲ್ಲಿ ನೋಡಿದ್ದೇನೆ. ಅಂಗಡಿಯ ಪೆನ್ಸಿಲ್ ಬಾಕಿ ಸಾಕು.

ಗುಣಾಕಾರಕ್ಕೆ ಬಂದರೆ ಸಾಲದ ಉದಾಹರಣೆ ಕೈಕೊಡುತ್ತದೆ. ಫ್ರೆಂಚ್ ಕಾದಂಬರಿಕಾರ ಸ್ತೆಂದಾಲ್ ತನ್ನ ಬಾಲ್ಯದ ಆತ್ಮಕಥೆಯಲ್ಲಿ ಇದನ್ನೇ ನೋವಿನಿಂದ ಬರೆದಿದ್ದಾನೆ. ಹತ್ತು ಸಾವಿರ ಫ್ರಾಂಕ್ ಸಾಲವನ್ನು ಐನೂರು ಫ್ರಾಂಕ್ ಸಾಲದಿಂದ ಗುಣಿಸಿದರೆ ಐವತ್ತು ಲಕ್ಷ ಫ್ರಾಂಕ್ ಆಸ್ತಿ ಹೇಗೆ ಬರುತ್ತದೆ ಎಂದು ಆ ಹುಡುಗ ಕೇಳಿದರೆ, ಅವನಿಗೆ ಸಮಾಧಾನವಾಗುವ ಉತ್ತರವನ್ನು ಯಾವ ಶಿಕ್ಷಕರೂ ಕೊಡಲಿಲ್ಲ. ಗಣಿತವನ್ನು ಅಷ್ಟು ಪ್ರೀತಿಸುತ್ತಿದ್ದ ಹುಡುಗನ ನಂಬಿಕೆಯನ್ನೇ ಅದು ಅಲ್ಲಾಡಿಸಿತು. ನಮ್ಮ ತರಗತಿಯಲ್ಲಿ ಅದೇ ಪ್ರಶ್ನೆ ಕೇಳುವ ಮಗುವಿಗೆ ‘ನಿಯಮ ಅದು, ಬರ್ಕೋ’ ಎನ್ನುವುದು ಬೇಡ. ಉತ್ತರ ಇದೆ, ಕಷ್ಟದ್ದೂ ಅಲ್ಲ.

ಬೋರ್ಡಿನ ಮೇಲೆ ಒಂದರ ಕೆಳಗೊಂದು ಬರೆಯಿರಿ: 3 × (−2) = −6, 2 × (−2) = −4, 1 × (−2) = −2, 0 × (−2) = 0. ಉತ್ತರ ಪ್ರತಿ ಸಾಲಿಗೂ ಎರಡೆರಡು ಏರುತ್ತಿದೆ ಎಂದು ಮಕ್ಕಳು ಕೂಗುತ್ತಾರೆ. ಮುಂದಿನ ಸಾಲು (−1) × (−2). ಏರಿಕೆ ಇಲ್ಲಿ ನಿಲ್ಲಲು ಕಾರಣವೇ ಇಲ್ಲ, ಆದ್ದರಿಂದ 2. ಇನ್ನೂ ಗಟ್ಟಿ ಕಾರಣ ಕೇಳುವ ಮಗುವಿಗೆ ಏಳನೇ ತರಗತಿಯಲ್ಲಿ ನೀವೇ ಕಲಿಸುವ ವಿಭಾಜಕ ಗುಣವನ್ನು ತೋರಿಸಿ. (−2) × [3 + (−3)] ಎಂದರೆ (−2) × 0, ಅಂದರೆ ಸೊನ್ನೆ. ಬಿಡಿಸಿದರೆ ಮೊದಲ ತುಂಡು −6. ಎರಡನೆಯದು (−2) × (−3). ಎರಡೂ ಸೇರಿ ಸೊನ್ನೆ ಆಗಬೇಕಾದರೆ ಎರಡನೆಯದು +6 ಆಗದೆ ವಿಧಿಯಿಲ್ಲ. ಧನಸಂಖ್ಯೆಗಳ ಕಾಲದ ನಿಯಮಗಳು ಸೊನ್ನೆಯ ಆಚೆಗೂ ಮುರಿಯದೆ ನಡೆಯಬೇಕಾದರೆ ಇದೊಂದೇ ದಾರಿ.

ಇಷ್ಟಾದ ಮೇಲೆ ಡಬ್ಬಿಯಿಂದ ಬೀಜ ತೆಗೆಯಿರಿ. ಋಣದಿಂದ ಗುಣಿಸುವುದೆಂದರೆ ಅಷ್ಟು ಪಟ್ಟು ಮಾಡಿ, ಎಲ್ಲವನ್ನೂ ಮಗುಚಿ ಹಾಕುವುದು. (−2) × (−3) ಎಂದರೆ ಮೂರು ಮೂರು ಕಪ್ಪಿನ ಎರಡು ಗುಂಪು ಮಾಡಿ ಮಗುಚಿದರೆ ಆರು ಬಿಳಿ. ಆಗ ಹೇಳಿ ‘ಮೈನಸ್ ಇಂಟು ಮೈನಸ್ ಪ್ಲಸ್’ ಎಂದು, ಆ ‘ಇಂಟು’ವನ್ನು ಒತ್ತಿ. ಆಗ ಆ ಮಾತು ಮಕ್ಕಳ ಸ್ವಂತದ್ದಾಗಿರುತ್ತದೆ.

ಸೊನ್ನೆ ಎಲ್ಲಿದೆ ಎಂಬುದನ್ನೂ ಮಾತಾಡಿ, ನಾವು ಇದನ್ನು ಮರೆತೇಬಿಡುತ್ತೇವೆ. ಪುಸ್ತಕದಲ್ಲಿ ಲೇಹ್, ಶಿಮ್ಲಾದ ಉಷ್ಣತೆ ಕೊಟ್ಟಿರುತ್ತಾರೆ. ರಾಯಚೂರಿನ ಮಗುವಿಗೆ ಅದರಿಂದ ಏನು ತಾನೇ ಅನಿಸೀತು? ಅದಕ್ಕಿಂತ ಬೇಕರಿಯ ಐಸ್‌ಕ್ರೀಂ ಪೆಟ್ಟಿಗೆಯ ಮೇಲೆ ಕಾಣುವ −18 ಹತ್ತಿರದ್ದು. ಎನ್‌ಸಿಇಆರ್‌ಟಿಯ 2024ರ ಆರನೇ ತರಗತಿ ಪುಸ್ತಕ ಲಿಫ್ಟು, ನೆಲದಡಿಯ ಮಹಡಿಗಳ ಕಥೆಯಿಂದ ಶುರುಮಾಡಿದೆ, ಒಳ್ಳೆಯದೇ. ಆದರೆ ನಮಗೆ ಇಲ್ಲೇ ಕೆಜಿಎಫ್ ಇದೆ. ಊರು ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದಲ್ಲಿದೆ. 2001ರಲ್ಲಿ ಮುಚ್ಚಿದ ಚಿನ್ನದ ಗಣಿಗಳಲ್ಲಿ ಚಾಂಪಿಯನ್ ರೀಫ್ ಸುಮಾರು 3,200 ಮೀಟರ್ ಆಳದವರೆಗೆ ಇಳಿದಿತ್ತು. ಗಣಿಯ ಬಾಯಿಯೇ ಸೊನ್ನೆ ಎಂದರೆ ತಳ −3,200. ಮಂಗಳೂರಿನ ಸಮುದ್ರವೇ ಸೊನ್ನೆ ಎಂದರೆ ಬಾಯಿ +850, ತಳ −2,350. ಗಣಿ ಒಂದೇ, ಸೊನ್ನೆ ಇಟ್ಟ ಜಾಗ ಬೇರೆ, ಸಂಖ್ಯೆಗಳು ಬೇರೆ. ಈಗ ಬಾಯಿಯಿಂದ ತಳಕ್ಕೆ ಎಷ್ಟು ದೂರ ಎಂದು ಎರಡನೇ ಲೆಕ್ಕದಲ್ಲಿ ಕೇಳಿ. 850 − (−2,350), ಅಂದರೆ 3,200. ಗಣಿಯ ಆಳ ನಾವು ಸೊನ್ನೆ ಎಲ್ಲಿಟ್ಟರೂ ಬದಲಾಗದು, ಆದ್ದರಿಂದ ಋಣವನ್ನು ಕಳೆದರೆ ಕೂಡಲೇಬೇಕು. ಈ ಒಂದು ಚಿತ್ರವನ್ನು ಗೋಡೆಯ ಮೇಲೆ ನೆಟ್ಟಗೆ ಬರೆದು ಒಂದು ವಾರ ಹಾಗೇ ಬಿಡಿ. ಸಂಖ್ಯಾರೇಖೆ ಯಾವಾಗಲೂ ಮಲಗಿಯೇ ಇರಬೇಕೆಂದಿಲ್ಲ.

−9, −2ರಲ್ಲಿ ದೊಡ್ಡದು ಯಾವುದು ಎಂದರೆ −9 ಎನ್ನುವವರಿಗೆ ಐಪಿಎಲ್ ಪಟ್ಟಿಯ ನೆಟ್ ರನ್‌ರೇಟ್ ತೋರಿಸಿ, ಬೇರೇನೂ ಬೇಡ. ಅಂಕ ಸಮವಾದಾಗ −0.9 ಇರುವ ತಂಡ ಮೇಲೆಯೋ −0.2 ಇರುವ ತಂಡ ಮೇಲೆಯೋ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು.

‘ಇದಕ್ಕೆಲ್ಲ ಸಮಯ ಎಲ್ಲಿದೆ ಮೇಡಂ?’ ಎಂದು ನೀವು ಕೇಳುವುದು ನ್ಯಾಯವೇ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆನ್‌ಲೈನ್ ಎಂಟ್ರಿ, ಸಮೀಕ್ಷೆ, ಚುನಾವಣೆ ಕೆಲಸ, ಇವುಗಳ ನಡುವೆ ಎರಡೆರಡು ತರಗತಿ ಒಟ್ಟಿಗೆ ಕೂರಿಸಿಕೊಂಡು ಪಾಠ ಮಾಡುವವರು ನೀವು. ಗಣಿತ ಓದಿರದಿದ್ದರೂ ಶಾಲೆಯಲ್ಲಿ ಬೇರೆ ಯಾರೂ ಇಲ್ಲವೆಂದು ಗಣಿತ ಹೊತ್ತವರೂ ನಿಮ್ಮಲ್ಲಿದ್ದಾರೆ. ಆದ್ದರಿಂದ ಎಲ್ಲ ಪಾಠಕ್ಕೂ ಇಷ್ಟು ಮಾಡಿ ಎಂದು ನಾನು ಕೇಳುತ್ತಿಲ್ಲ. ಈ ಒಂದು ಪಾಠಕ್ಕೆ ಇನ್ನೊಂದು ವಾರ ಹೆಚ್ಚಿಗೆ ಕೊಡಿ, ಬೇಕಿದ್ದರೆ ಅಂಕಿ–ಅಂಶದ ಅಧ್ಯಾಯದಿಂದ ಎರಡು ಪೀರಿಯಡ್ ಕಡಿಮೆ ಮಾಡಿ. ಅದನ್ನು ನಾವು ಮುಂದೆ ಸರಿದೂಗಿಸಿಕೊಳ್ಳುತ್ತೇವೆ. ಇದನ್ನು ಸರಿದೂಗಿಸಲು ನಮಗೆ ಆಗುತ್ತಿಲ್ಲ.

ಪರೀಕ್ಷೆಯಲ್ಲಿ ಹತ್ತು ಲೆಕ್ಕಗಳ ಬದಲು ಎಂಟು ಲೆಕ್ಕ ಕೊಟ್ಟು, ಒಂದು ಪ್ರಶ್ನೆಯನ್ನಾದರೂ ‘ಏಕೆ’ ಎಂದು ಕೇಳಿ. ‘−4 − 6 = 10 ಎಂದು ಒಬ್ಬ ಗೆಳೆಯ ಬರೆದಿದ್ದಾನೆ, ಅವನಿಗೆ ವಿವರಿಸು’ ಎಂಬಂಥದ್ದು. ಉತ್ತರ ಅರ್ಧಂಬರ್ಧ ಬಂದರೂ ಅಂಕ ಕೊಡಿ. ಮಗು ಎಲ್ಲಿ ಎಡವಿದೆ ಎಂಬುದು ಆ ಎರಡು ಸಾಲಿನಲ್ಲಿ ಕಾಣುತ್ತದೆ, ಹತ್ತು ಸರಿ ಉತ್ತರಗಳಲ್ಲಿ ಕಾಣುವುದಿಲ್ಲ.

ಮತ್ತೊಂದು ವಿನಂತಿ. ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ನಾವು ಪ್ರೌಢಶಾಲೆಯವರು ಒಂದು ಕಡೆ, ನೀವು ಒಂದು ಕಡೆ ಎಂಬಂತೆ ಆಗಿಬಿಟ್ಟಿದೆ. ಈ ವರ್ಷ ಒಂದು ಸಭೆಯಲ್ಲಿ ಅರ್ಧ ಗಂಟೆಯನ್ನು ಈ ಪಾಠಕ್ಕೆಂದೇ ಕೇಳಿ ಪಡೆಯಿರಿ, ಹತ್ತಿರದ ಪ್ರೌಢಶಾಲೆಯ ಗಣಿತ ಶಿಕ್ಷಕರನ್ನು ಕರೆಯಿರಿ. ಸೇತುಬಂಧದ ಪರೀಕ್ಷೆಯಲ್ಲಿ ನಿಮ್ಮ ಶಾಲೆಯ ಮಕ್ಕಳು ಬರೆದ ಉತ್ತರಗಳನ್ನು, ಹೆಸರು ತೆಗೆದು, ನಾನು ಜುಲೈ ತಿಂಗಳಲ್ಲಿ ನನ್ನ ಸುತ್ತಲಿನ ಶಾಲೆಗಳಿಗೆ ಕಳಿಸಿಕೊಡುತ್ತೇನೆ. ತಪ್ಪು ಎಣಿಸುವುದಕ್ಕಲ್ಲ, ಯಾವ ಮಾತು ಮಗುವಿನ ತಲೆಯಲ್ಲಿ ಹೇಗೆ ಕೂತಿದೆ ಎಂದು ನಾವಿಬ್ಬರೂ ಸೇರಿ ನೋಡುವುದಕ್ಕೆ. ಬೇರೆ ಜಿಲ್ಲೆಗಳ ಪ್ರೌಢಶಾಲಾ ಶಿಕ್ಷಕರೂ ಹೀಗೆ ಮಾಡಬಹುದು. ನಿಮ್ಮ ತರಗತಿಗಳಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಕಂಡುಕೊಂಡಿದ್ದರೆ ಅದನ್ನೂ ಆ ಸಭೆಯಲ್ಲಿ ಹೇಳಿ, ನಾನು ಬರೆದುಕೊಳ್ಳುತ್ತೇನೆ.



ಇತಿ ತಮ್ಮ ವಿಶ್ವಾಸಿ,
ಪ್ರೌಢಶಾಲೆಯ ಒಬ್ಬ ಗಣಿತ ಶಿಕ್ಷಕಿ
ತುಮಕೂರು ಜಿಲ್ಲೆ